ಸಕ್ಕರೆ ಡಬ್ಬಿಯ ಹಿಂದೆ ಷಡ್ಡಕನ ನಕಲು

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ನಾನು ದುಡಿಯುವ ಆಸ್ಪತ್ರೆಯಲ್ಲೇ ದುಡಿಯುತ್ತಾನೆ. ನಾನು ಗೋಡೆ ಕೊರೆದು ಕಂಪ್ಯೂಟರ್ ವೈರ್ ಎಳೆಯುವವನು. ಆ ವೈರುಗಳೆಲ್ಲ ಹೋಗಿ ಸೇರುವ ಸ್ವಿಚ್ ಎಂಬ ಪೆಟ್ಟಿಗೆಯನ್ನು ನೋಡಿಕೊಳ್ಳುವವನು ಅವನು. ನನ್ನ ತಲೆ ಮೇಲೆ ಸುಣ್ಣದ ಪುಡಿ, ಅವನ ತಲೆ ಮೇಲೆ ಎ.ಸಿ. ಗಾಳಿ. ಡಾಕ್ಟರುಗಳು ಅವನನ್ನು ‘ಸ್ವಿಚ್ ಸಾರ್’ ಅನ್ನುತ್ತಾರೆ. ನನ್ನನ್ನು ‘ಏಣಿ’ ಅನ್ನುತ್ತಾರೆ.

ಅವನೇನು ಹುಟ್ಟುತ್ತಲೇ ಸಾರ್ ಆದವನಲ್ಲ. ಅವನಪ್ಪನದು ಗಡಿಯಾರ ರಿಪೇರಿ ಅಂಗಡಿ. ಅಲ್ಲಿ ಕೂತು, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಜೋಡಿಸುತ್ತ ಬೆಳೆದವನು. ಆ ಬುದ್ಧಿ ಇನ್ನೂ ಹೋಗಿಲ್ಲ. ಸ್ವಿಚ್ಚಿನೊಳಗೆ ಎರಡು ಫೈಲ್ ಇರುತ್ತವಂತೆ. ಅದನ್ನು ನಡೆಸುವ ಸಿಸ್ಟಂ ಫೈಲ್ ಒಂದು, ಯಾವ ವೈರು ಯಾವ ವಿಭಾಗದ್ದು ಅಂತ ಹೇಳುವ ಸೆಟ್ಟಿಂಗ್ ಫೈಲ್ ಇನ್ನೊಂದು. ಏನೇ ಮುಟ್ಟುವ ಮುಂಚೆ ಎರಡನ್ನೂ ನಕಲು ಮಾಡಿ, ಆಸ್ಪತ್ರೆಯಿಂದ ಆಚೆಯೂ ಒಂದು ಕಡೆ ಇಡಬೇಕು ಅನ್ನುವುದು ಅವನ ವ್ರತ. “ಬಿಚ್ಚೋದು ಯಾರಾದ್ರೂ ಬಿಚ್ತಾರೆ, ವಾಪಸ್ ಕೂರಿಸೋಕೆ ಬರಬೇಕು” ಅಂತ ಅವನು ಹೇಳಿದರೆ ನಮ್ಮ ಮಾವನವರ ಮುಖ ಊರಗಲ ಅರಳುತ್ತದೆ. ಇಡೀ ಹೊಸ ಕಟ್ಟಡಕ್ಕೆ ನಾನೊಬ್ಬನೇ ವೈರ್ ಎಳೆದೆ ಅಂದರೆ, ಹೌದಾ, ನೀರು ಕುಡೀರಿ ಅನ್ನುತ್ತಾರೆ.

ಇಷ್ಟನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ್ದು ಬೇರೆ ಇತ್ತು. ಒಂದು ಸಂಜೆ ಕೆಲಸ ಬೇಗ ಮುಗಿದು ಬೀದಿ ತಿರುವಿಗೆ ಬಂದರೆ, ನಮ್ಮ ಮನೆ ಬಾಗಿಲಲ್ಲಿ ಇವನು. ನನ್ನ ಹೆಂಡತಿ ಏನೋ ಅವನ ಕೈಗಿಟ್ಟಳು, ಅವನು ಏನೋ ಅವಳ ಕೈಗಿಟ್ಟ. ಇಬ್ಬರ ಮುಖದಲ್ಲೂ ನಗು. ಆಮೇಲೆ ಅವಳನ್ನು ಕೇಳಿದೆ.

“ಏನೂ ಇಲ್ಲ ಬಿಡಿ, ನಿಮಗೆ ಅರ್ಥ ಆಗಲ್ಲ,” ಅಂದಳು.

ಅರ್ಧಕ್ಕೇ ಶಾಲೆ ಬಿಟ್ಟವನಿಗೆ ಆಡುವ ಮಾತೇ ಅದು? ಆ ರಾತ್ರಿ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದೆ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆ ಜಾಲಾಡಿದೆ. ಸಕ್ಕರೆ ಡಬ್ಬಿಯ ಹಿಂದೆ ಬೆರಳುದ್ದದ ಚೀಲ, ಬಾಯಿಗೆ ದಾರ. ಬಟ್ಟೆ ನೋಡಿದ ಕೂಡಲೇ ಗುರುತು ಸಿಕ್ಕಿತು. ನಾನು ಹುಡುಕಿ ಹುಡುಕಿ ಕೈಬಿಟ್ಟಿದ್ದ ನೀಲಿ ಚೌಕಳಿ ಅಂಗಿ. ನನ್ನ ಅಂಗಿ ಹರಿದು ಅವನಿಗೆ ಚೀಲ! ಒಳಗೆ ಏನೋ ಗಟ್ಟಿ ಇತ್ತು. ನಾನು ಬಿಚ್ಚಲಿಲ್ಲ. ಬಿಚ್ಚುವುದಾದರೆ ಎಲ್ಲರೆದುರು ಅವನೇ ಬಿಚ್ಚಲಿ ಅಂತ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ನಡೆದೆ. ದಾರಿಯುದ್ದಕ್ಕೂ ಬೈಗುಳ ಮಸೆದುಕೊಂಡೆ.

ಸ್ವಿಚ್ ಕೋಣೆಯಲ್ಲಿ ಅವನು ನೆಲದ ಮೇಲೆ ಕೂತಿದ್ದ. ತೊಡೆ ಮೇಲೆ ಲ್ಯಾಪ್‌ಟಾಪ್, ಅದರಿಂದ ಸ್ವಿಚ್ಚಿಗೆ ಒಂದು ವೈರು. ಸ್ವಿಚ್ಚಿನ ದೀಪ ಕಿತ್ತಳೆ ಬಣ್ಣದಲ್ಲಿ ಮಿಟುಕುತ್ತಿತ್ತು. ಹೊಸ ಸಿಸ್ಟಂ ಫೈಲಿಗೆ ಒಳಗೆ ಜಾಗ ಸಾಲದೆ ಹಳೆಯದನ್ನು ಅಳಿಸಿದ್ದನಂತೆ. ಹೊಸದು ಕೆಟ್ಟು ಬಂದಿತ್ತು. ಆಫ್ ಮಾಡಿ ಆನ್ ಮಾಡಿದರೆ ಸ್ವಿಚ್ ಏಳಲೇ ಇಲ್ಲ. ಆಫೀಸಿನಲ್ಲಿದ್ದ ನಕಲು, ಹಳೆ ಕಂಪ್ಯೂಟರ್ ಬದಲಿಸಿದಾಗ ಅದರ ಜೊತೆಗೇ ಹೋಗಿತ್ತು. ರಕ್ತ ಪರೀಕ್ಷೆಯ ರಿಪೋರ್ಟುಗಳು ವಾರ್ಡಿಗೆ ಮುಟ್ಟದೆ ನರ್ಸುಗಳು ಮೆಟ್ಟಿಲಲ್ಲಿ ಓಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರು, ಮಧ್ಯಾಹ್ನದೊಳಗೆ ಸರಿಹೋಗದಿದ್ದರೆ ಕೋಣೆಯ ಕೀ ಕೊಟ್ಟು ಮನೆಗೆ ನಡಿ ಅಂತ ಹೇಳಿ ಹೋದರು.

ನನ್ನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಅವನು ತಲೆಯೆತ್ತಿ ನನ್ನನ್ನು ನೋಡಿದ. “ಭಾವ, ಒಂದು ಉಪಕಾರ ಮಾಡಿ. ನಿಮ್ಮನೇಲಿ ಸಕ್ಕರೆ ಡಬ್ಬಿ ಹಿಂದೆ ಸಣ್ಣ ಚೀಲ ಇದೆ. ಅಕ್ಕ ಹೊಲಿದು ಕೊಟ್ಟಿದ್ದು, ನಿನ್ನೆ ಸಂಜೆ ಅದರಲ್ಲಿ ಪೆನ್‌ಡ್ರೈವ್ ಹಾಕಿ ಅವರ ಕೈಗೇ ವಾಪಸ್ ಕೊಟ್ಟೆ, ಎರಡೂ ಫೈಲಿನ ನಕಲು ಅದರಲ್ಲಿದೆ. ಅಕ್ಕನ್ನ ಕೇಳಿ ಇಸ್ಕೊಂಡು ಬನ್ನಿ.”

ಕೈ ಜೇಬಿನಲ್ಲೇ ಇತ್ತು. ಹೋಗಿ ಬಂದ ಶಾಸ್ತ್ರ ಮಾಡಿ, ಅಲ್ಲೇನೂ ಇಲ್ಲಪ್ಪ ಅಂದರೆ ಮುಗಿಯಿತು. ಸ್ವಿಚ್ ಸಾರ್ ಮನೆಗೆ, ಎ.ಸಿ. ಗೋಡೆಗೆ. ಆ ಮಾತು ನಾಲಿಗೆ ತುದಿಗೂ ಬಂತು. ಆದರೆ ಇಲ್ಲ ಅಂದರೆ ಕಳೆದವಳು ಯಾರು? ನನ್ನ ಹೆಂಡತಿ. ಒಂದು ಸೂಜಿಯನ್ನೂ ಕಳೆದವಳಲ್ಲ ಅವಳು. ಅವನು ಹಾಳಾಗಿ ಹೋಗಲಿ, ಅವಳ ಮೇಲೆ ಮಾತು ಬರಬಾರದು. ಚೀಲ ತೆಗೆದು ಅವನ ಮುಂದೆ ಒಗೆದೆ.

ಅವನು ಚೀಲ ನೋಡಿದ, ನನ್ನ ಮುಖ ನೋಡಿದ, ದಾರ ಬಿಚ್ಚಿದ. ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ.

“ನನ್ನ ಕೈಗೇ ಕೊಡಬಹುದಿತ್ತಲ್ಲ?” ಅಂದೆ.

“ನಮ್ಮನೇಲಿ ಇಟ್ರೆ ನಿಮ್ಮ ನಾದಿನಿ ಜೇಬು ನೋಡದೆ ಪ್ಯಾಂಟ್ ನೆನೆಹಾಕ್ತಾಳೆ, ಒಂದು ಹಾಗೇ ಹೋಯ್ತು. ನಿಮ್ಮ ಕೈಗೆ ಕೊಟ್ರೆ, ನನ್ನ ಮೇಲಿನ ಸಿಟ್ಟಿಗೆ ಯಾವತ್ತಾದ್ರೂ ಕಿಟಕಿಯಿಂದ ಆಚೆ ಎಸೀತೀರಿ, ಭಾವ.”

ನಾನು ಹೋಗಿ ಮೂಲೆಯಲ್ಲಿದ್ದ ನನ್ನ ಏಣಿ ಎತ್ತಿಕೊಂಡೆ.

ಹಳೆ ಫೈಲ್ ಒಳಗೆ ಹೋಗಿ ದೀಪ ಹಸಿರಾಯಿತು. ಮ್ಯಾನೇಜರು ಬಂದು, ಮುಂದಾಲೋಚನೆ ಅಂದರೆ ಇದು ಅಂತ ಅವನ ಬೆನ್ನು ತಟ್ಟಿದರು. ಏಣಿ ಹಿಡಿದು ನಿಂತಿದ್ದ ನನಗೆ ಪಕ್ಕಕ್ಕೆ ಸರಿ ಅಂದರು.

ಸಂಜೆ ಅವನು ಬಾಳೆಹಣ್ಣಿನ ಜೊತೆ ಆ ಚೀಲವನ್ನೂ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅಕ್ಕ, ನನ್ನ ಅನ್ನ ಉಳಿಸಿದ್ರಿ ಅಂತ ಹೆಂಡತಿಗೆ ಕೈಮುಗಿದ. ಹೊತ್ತು ತಂದವನು ನಾನು, ಕೈಮುಗಿಸಿಕೊಂಡವಳು ಅವಳು. ಅವನು ಹೋದ ಮೇಲೆ ಅಂಗಿಯ ವಿಷಯ ಎತ್ತಿದೆ.

“ಅದರಲ್ಲಿ ಹರಿಯದೆ ಉಳಿದಿದ್ದು ಆ ಜೇಬೊಂದೇ ರೀ,” ಅಂದಳು. ಅನ್ನುತ್ತಲೇ ಚೀಲವನ್ನು ಮತ್ತೆ ಡಬ್ಬಿಯ ಹಿಂದೆ ಇಟ್ಟಳು.

ಅವನನ್ನು ಕಂಡರೆ ಈಗಲೂ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತದೆ. ಆದರೂ ಬೆಳಗಿನ ಟೀಗೆ ಸಕ್ಕರೆ ಈಗ ನಾನೇ ಹಾಕಿಕೊಳ್ಳುತ್ತೇನೆ. ಡಬ್ಬಿ ತೆಗೆದಾಗ ಹಿಂದೆ ಕೈ ಹಾಕಿ, ಚೀಲ ಇದೆಯೋ ಇಲ್ಲವೋ ಮುಟ್ಟಿ ನೋಡುತ್ತೇನೆ.