ಐದು ಹೊರಗೆ ಬಂದವು

ನಾನು ನಿಂತದ್ದು ಶಿರಾಲಿಯಲ್ಲಿ, ಹೆಂಡತಿಯ ತವರುಮನೆಯ ನಡುಕೋಣೆಯಲ್ಲಿ. ಬಲಗೈ ಅಟ್ಟದ ಏಣಿಯ ಮೇಲಿತ್ತು. ಚುನಾವಣೆ ಘೋಷಣೆಯಾದ ವಾರ. ಬೆಳಗಿನ ತಿಂಡಿ ಮುಗಿದಿತ್ತು, ಮೀನಿನವಳು ಇನ್ನೂ ಬಂದಿರಲಿಲ್ಲ.

ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರು ಕೋವಿ, ರಿವಾಲ್ವರುಗಳನ್ನು ಠಾಣೆಗೆ ಒಪ್ಪಿಸಬೇಕು. ಮಾವನವರು ತೀರಿಕೊಂಡ ಮೇಲೆ, ಮಂಗ ಓಡಿಸಲೆಂದು ಅವರು ಇಟ್ಟುಕೊಂಡಿದ್ದ ಹಳೆಯ ರಿವಾಲ್ವರ್ ನನ್ನ ಹೆಂಡತಿಯ ಅಣ್ಣನ ಹೆಸರಿಗೆ ಆಗಿತ್ತು. ಭಾವ ಅದನ್ನು ಕಪಾಟಿನಿಂದ ತೆಗೆದಿದ್ದ. ಅದರ ಚರ್ಮದ ಚೀಲ ಹುಡುಕಲು ನನ್ನ ಹೆಂಡತಿ ಅಟ್ಟ ಹತ್ತಿದ್ದಳು. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹರಿವೆಸೊಪ್ಪು ಸೋಸುತ್ತಿದ್ದರು.

ಆ ರಿವಾಲ್ವರಿನ ತೋಟೆಗಳ ಬುಡಕ್ಕೆ ಹೊರಚಾಚಿದ ಅಂಚಿರಲಿಲ್ಲ. ಅಂಚಿದ್ದರೆ ತೋಟೆ ಉರುಳೆಯ ಕುಳಿಯ ಬಾಯಲ್ಲೇ ತಡೆದು ನಿಲ್ಲುತ್ತದೆ, ಇಲ್ಲದಿದ್ದರೆ ಒಳಕ್ಕೆ ಜಾರುತ್ತದೆ. ಹಾಗಾಗಿ ಮೂರು ಮೂರು ತೋಟೆಗಳನ್ನು ಬುಡದಲ್ಲಿ ಹಿಡಿದುಕೊಳ್ಳಲು ಅರ್ಧಚಂದ್ರದಂಥ ಉಕ್ಕಿನ ತೆಳು ತುಂಡು, ಮೂನ್ ಕ್ಲಿಪ್, ಬೇಕು. ಆರು ಕುಳಿಗೆ ಎರಡು ಕ್ಲಿಪ್ಪು. ಕ್ಲಿಪ್ಪು ಎಳೆದರೆ ತೋಟೆಗಳೂ ಅದರೊಟ್ಟಿಗೆ ಬರುತ್ತವೆ.

ಭಾವ ನಳಿಗೆಯನ್ನು ನೆಲಕ್ಕೆ ಮಾಡಿ, ಉಗುರು ಕೊಟ್ಟು ಒಂದು ಕ್ಲಿಪ್ಪು ತೆಗೆದ. ಮೂರು ತೋಟೆ. ಇನ್ನೊಂದನ್ನು ತೆಗೆದ. ಎರಡು.

"ಐದೇ ಅಲ್ದ ಭಾವ?" ಎಂದೆ.

"ಹೌದು. ಅಪ್ಪ ಯಾವಾಗ್ಲೂ ಒಂದು ಕುಳಿ ಖಾಲಿ ಬಿಡ್ತಿದ್ದ. ಕೈತಪ್ಪಿ ಬಿದ್ರೆ ಸಿಡೀಬಾರ್ದು ಅಂತ."

ಮಾವನವರು ಹಾಗೆ ಮಾಡುತ್ತಿದ್ದುದು ನಿಜ, ನನಗೂ ಗೊತ್ತಿತ್ತು. ಹಾಗಾಗಿ ನಾನು ಮತ್ತೆ ಕೇಳಲಿಲ್ಲ. ಭಾವ ರಿವಾಲ್ವರ್ ಮುಚ್ಚಿ, ನೆಲದ ಕಡೆಗೇ ಹಿಡಿದು ಕುದುರೆ ಒತ್ತುತ್ತ ಹೋದ. ಉರುಳೆ ಒಂದು ಸುತ್ತು ಪೂರ್ತಿ ತಿರುಗಿತು. ಟಕ್, ಟಕ್ ಎಂಬ ಸದ್ದು ಬಿಟ್ಟರೆ ಬೇರೇನಿಲ್ಲ.

"ಖಾಲಿ. ಆತು," ಎಂದ.

ಮೇಲಿನಿಂದ ಹೆಂಡತಿಯ ದನಿ ಬಂತು. "ಎಂತದೂ ಕೇಳ್ಲಿಲ್ಲ ಅಣ್ಣ. ಅಪ್ಪನ ಕಾಲದಲ್ಲೂ ಅದಕ್ಕೆ ಒಂದು ಮಂಗ ಹೆದರಿದ್ದು ನಾ ಕಂಡಿಲ್ಲ."

"ನೀ ಹೆದರಿದ್ರೆ ಸಾಕು ಮಾರಾಯ್ತಿ. ಕೇಳು ಈಗ."

ಭಾವ ನಗುತ್ತ ನಳಿಗೆಯನ್ನು ಮೇಲಕ್ಕೆ ಎತ್ತಿದ. ಒಮ್ಮೆ ಒತ್ತಿದ, ಟಕ್ ಎಂದಿತು. ಎರಡನೆಯ ಸಲ ಸಿಡಿಯಿತು.

ಕಿವಿಯಲ್ಲಿ ಗುಂಯ್ ಎನ್ನುವುದೊಂದೇ ಉಳಿಯಿತು. ಅಟ್ಟದ ಹಲಗೆಯ ಸಂದಿಯಿಂದ ಧೂಳು ನನ್ನ ಕೈಮೇಲೆ ಉದುರಿತು. ಹಲಗೆಯಲ್ಲಿ ಮೊದಲಿಲ್ಲದ ತೂತೊಂದಿತ್ತು. ಏಣಿ ನನ್ನ ಕೈಯಲ್ಲೇ ಇತ್ತು, ಆದರೆ ನಾನು ಹತ್ತಲಿಲ್ಲ. ಅವಳನ್ನು ಕರೆಯಲೂ ಆಗಲಿಲ್ಲ. ಕರೆದು ಉತ್ತರ ಬಾರದಿದ್ದರೆ ಎಂಬ ಹೆದರಿಕೆ. ಭಾವನೂ ಕರೆಯಲಿಲ್ಲ.

ಕರೆದವರು ಅತ್ತೆ. ಕೈಯಲ್ಲಿ ಸೊಪ್ಪಿನ ದಂಟು ಹಿಡಿದೇ ಎದ್ದು ಬಂದು, ದಿನಾ ಊಟಕ್ಕೆ ಕರೆಯುವ ದನಿಯಲ್ಲಿ, "ಮಗಾ, ಎಲ್ಲಿದ್ದಿ?" ಎಂದರು.

ಮೇಲೆ ಹಲಗೆ ಕಿರುಗುಟ್ಟಿತು. ಆಮೇಲೆ, "ಇಲ್ಲೇ ಇದ್ದೆ ಆಯಿ. ಹೆಂಚು ಒಡೀತು."

ಅವಳ ಹಿಮ್ಮಡಿ ಏಣಿಯ ಮೇಲಿನ ಮೆಟ್ಟಿಲಿಗೆ ತಾಗಿದಾಗ ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದೆ. ಇಳಿದವಳ ತಲೆಯಲ್ಲಿ ಹೆಂಚಿನ ಪುಡಿ ಇತ್ತು. ಗುಂಡು ಅವಳು ಒರಗಿದ್ದ ಚಾಪೆಯ ಸುರುಳಿಯನ್ನು ತೂರಿ ಹೆಂಚಿನ ಮಾಡಿಗೆ ಹೋಗಿತ್ತು.

ಆಮೇಲೆ ನೋಡಿದೆವು. ಎರಡನೆಯ ಕ್ಲಿಪ್ಪಿನ ಒಂದು ಹಲ್ಲು ಮುರಿದಿತ್ತು. ಅದು ಹಿಡಿಯಬೇಕಾದ ಮೂರನೆಯ ತೋಟೆಯನ್ನು ಮಾವನವರು ಯಾಕೋ ಬಿಡಿಯಾಗಿಯೇ ಕುಳಿಗೆ ಇಳಿಸಿದ್ದರು. ನಳಿಗೆ ಕೆಳಗಿದ್ದಾಗ ಅದು ಮುಂದಕ್ಕೆ ಜಾರಿ, ಕಣ್ಣಿಗೂ ಬೀಳಲಿಲ್ಲ, ಹೊಡೆಯುವ ಮುಳ್ಳಿಗೂ ಎಟುಕಲಿಲ್ಲ. ಮೇಲೆತ್ತಿದಾಗ ಹಿಂದಕ್ಕೆ ಬಂದು ಕೂತಿತು.

ನಡೆದದ್ದನ್ನೆಲ್ಲ ಭಾವ ಠಾಣೆಯವರಿಗೆ ಹೇಳಿ ರಿವಾಲ್ವರ್ ಒಪ್ಪಿಸಿದ. ಚುನಾವಣೆ ಮುಗಿದ ಮೇಲೂ ಅದನ್ನು ವಾಪಸು ತರಲು ಹೋಗಲಿಲ್ಲ. ಕುಮಟೆಯ ನಮ್ಮ ಮನೆಯಲ್ಲಿ ಅಟ್ಟದಿಂದ ಏನಾದರೂ ಬೇಕಾದರೆ ಈಗಲೂ ನಾನೇ ಹತ್ತುತ್ತೇನೆ. ಹೆಂಡತಿ ನಗುತ್ತಾಳೆ, ಆದರೆ ಏಣಿ ಹಿಡಿಯಲು ಬರುತ್ತಾಳೆ.

ಅಂದು ಆ ಮನೆಯಲ್ಲಿದ್ದವರು ನಾಲ್ವರು. ಅತ್ತೆ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಭಾವ ಇದ್ದಾನೆ. ನಾನಿದ್ದೇನೆ. ಅವಳು ಇದ್ದಾಳೆ.