ಮಂಗಳವಿಲ್ಲದ ಕುಣಿತ

ಕಾಶಿಯ ಕೇದಾರ ಘಾಟಿನ ನಮ್ಮ ಗಲ್ಲಿಯಲ್ಲಿ ಪದ್ಮಾಬಾಯಿಯವರ ಮಾತಿಗೆ ಎದುರಿಲ್ಲ. ಊರ ಕಡೆಯಿಂದ ಬರುವ ಯಾತ್ರಿಕರಿಗೆ ಮಗ ಜಯತೀರ್ಥ ಶ್ರಾದ್ಧ ಮಾಡಿಸುತ್ತಾನೆ, ಇವರು ಅಡಿಗೆ ಮಾಡುತ್ತಾರೆ. ಮನೆಯ ಯಾವ ತಕರಾರಾದರೂ ಕೊನೆಗೆ ಇವರ ಒಲೆಯ ಮುಂದೆ ಬಂದು ನಿಲ್ಲಬೇಕು. ಆ ವರ್ಷ ಬಂದು ನಿಂತದ್ದು ಮೊಮ್ಮಗಳು ಶ್ರೀರಮಾಳದು.

ಹುಡುಗಿ ಕಥಕ್ ಕಲಿತವಳು. ದಿಲ್ಲಿಯ ಶಾಲೆಯೊಂದರಲ್ಲಿ ಬ್ಯಾಲೆ ಅಂತ ಕಲಿಸುತ್ತಾರಂತೆ, ತನ್ನನ್ನು ಆರಿಸಿಕೊಂಡಿದ್ದಾರಂತೆ, ಹೋಗುತ್ತೇನೆ ಎಂದು ಹಟ ಹಿಡಿದಳು. ಜಯತೀರ್ಥ ಕೆಂಡವಾದ. ಅಷ್ಟರಲ್ಲಿ ರಷ್ಯಾದ ಮಂದಿ ಅದೇ ಕುಣಿತವನ್ನು ಎರಡು ಸಂಜೆ ತೋರಿಸಲು ಕಾಶಿಗೆ ಬಂದರು.

"ನಾ ಅಂತೂ ಆ ಕಾಲು ತೋರಸೂ ಕುಣಿತ ನೋಡಾಂವಲ್ಲ. ನೀನೇ ನೋಡಿ ಬಾ ಅವ್ವಾ. ನೀ ಹೂಂ ಅಂದ್ರ ಕಳಸ್ತೀನಿ, ಬ್ಯಾಡ ಅಂದ್ರ ಮುಗೀತು" ಎಂದ ಜಯತೀರ್ಥ.

ಪದ್ಮಾಬಾಯಿ ಪಕ್ಕದ ಮನೆಯ ನನ್ನನ್ನೂ ಎಳೆದುಕೊಂಡು ಹೊರಟರು. ಗೋದೌಲಿಯಾದಲ್ಲಿ ರಿಕ್ಷಾ ಹತ್ತಿದಾಗ ಶ್ರೀರಮಾ ಅಜ್ಜಿಯ ಕೈ ಹಿಡಿದವಳು ಬಿಡಲಿಲ್ಲ.

ರಂಗಮಂದಿರದಲ್ಲಿ ಪರದೆ ಮೇಲೆದ್ದಿತು. ಒಂದು ಹಿಂಡು ಹುಡುಗಿಯರು, ಎಲ್ಲರದೂ ಬಿಳಿ ಬಟ್ಟೆ.

"ಅಯ್ಯ, ಅನಂತಕ್ಕಾ, ಇಷ್ಟು ಸಣ್ಣ ವಯಸ್ಸಿಗೇ ಇವರೆಲ್ಲಾ ಗಂಡನ್ನ ಕಳಕೊಂಡಾರಲ್ಲ!" ಎಂದು ಪದ್ಮಾಬಾಯಿ ನನ್ನತ್ತ ವಾಲಿ ಬಾಯಿಗೆ ಸೆರಗು ಒತ್ತಿದರು.

ನನಗೂ ಹಾಗೇ ಅನಿಸಿತ್ತು. ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ಬಿಳಿ ಸೀರೆಯ ವಿಧವೆಯರನ್ನು ದಿನಾ ಕಾಣುವ ಕಣ್ಣುಗಳು ನಮ್ಮವು.

"ಅಜ್ಜೀ, ಅವರು ಹಿಮ" ಎಂದು ಶ್ರೀರಮಾ ಪಿಸುಗುಟ್ಟಿದಳು.

ಹಿಮಕ್ಕೆ ಕಾಲು ಯಾಕೆ? ಕೇಳುವಷ್ಟರಲ್ಲಿ ಅವರು ಬೆರಳ ತುದಿಯ ಮೇಲೆ ನಿಂತು ಜಾರಿಹೋದರು. ಗೆಜ್ಜೆಯಿಲ್ಲ, ಹಾಡಿಲ್ಲ, ಒಬ್ಬರೂ ಬಾಯಿ ಬಿಡಲಿಲ್ಲ. ನಡುವೆ ನೀಲಿ ಲಂಗದವಳೊಬ್ಬಳು ಯಾರನ್ನೋ ಹುಡುಕುತ್ತ ಬಂದಳು. ಗಂಡನನ್ನೋ, ಅಣ್ಣನನ್ನೋ, ಗೊತ್ತಾಗಲಿಲ್ಲ. ಮೈಗೆ ಅಂಟಿದ ಬಟ್ಟೆಯ ಗಂಡಸೊಬ್ಬ ಅವಳನ್ನು ಒಂದೇ ಕೈಯಲ್ಲಿ ಎತ್ತಿದಾಗ ನಾನು ತಲೆ ತಗ್ಗಿಸಿದೆ. ಪದ್ಮಾಬಾಯಿ ತಗ್ಗಿಸಲಿಲ್ಲ. ಕೊನೆಗೆ ಹಿಮದವರು ಸುತ್ತುವರಿದರು, ನೀಲಿ ಲಂಗದವಳು ಒರಗಿದಳು, ಸತ್ತಳು. ಪರದೆ ಬಿತ್ತು.

ಮತ್ತೆ ಪರದೆ ಎದ್ದರೆ ಸತ್ತವಳೇ ಬಂದು ನಮಸ್ಕಾರ ಮಾಡುತ್ತಿದ್ದಾಳೆ! ಜನ ಚಪ್ಪಾಳೆ ಹೊಡೆದು ಏಳತೊಡಗಿದರು.

"ಏ, ಎಲ್ಲಿ ಹೊಂಟ್ರಿ? ಸತ್ತಾಕಿ ಎದ್ದಾಳ, ಇನ್ನೂ ಕಥಿ ಅದ" ಎಂದು ಪದ್ಮಾಬಾಯಿ ಗಟ್ಟಿಯಾಗಿ ಕೂತರು. ಜನವೆಲ್ಲ ಹೋಯಿತು. ಕಸ ಗುಡಿಸುವವನು ಬಂದ.

"ಮಾತಾಜೀ, ಖತಮ್ ಹೋ ಗಯಾ. ಉಠಿಯೇ" ಎಂದ.

"ಮಂಗಳ ಹಾಡಲಾರದ ಹ್ಯಾಂಗ ಏಳ್ಲಿ? ಹುಡುಗಿ ಸತ್ತದ್ದಕ್ಕ ಕಥಿ ಬಿಟ್ಟು ಮನೀಗೆ ಹೋಗ್ತಾರೇನು ಯಾರರೆ?"

ಪುರಾಣವಿರಲಿ, ಹರಿಕಥೆಯಿರಲಿ, ಮಂಗಳವಾಗದೆ ಎದ್ದರೆ ಕೇಡೆಂದು ನಮ್ಮವರ ನಂಬಿಕೆ. ಗುಡಿಸುವವನು ನನ್ನ ಮುಖ ನೋಡಿದ, ನಾನು ಶ್ರೀರಮಾಳ ಮುಖ ನೋಡಿದೆ. ಅವಳಿಗೆ ಅಳುವೇ ಬಂದಿತ್ತು.

"ಅಜ್ಜೀ, ಇದಕ್ಕ ಮಂಗಳ ಇರೂದಿಲ್ಲ. ಇಷ್ಟೇ."

"ಇಷ್ಟೇ?"

"ಇಷ್ಟೇ ಅಜ್ಜೀ. ಏಳು."

ಪದ್ಮಾಬಾಯಿ ಎದ್ದರು. ಯಾರದೋ ಮನೆಯಲ್ಲಿ ಎಲೆ ಹಾಕಿ ಅನ್ನ ಬಡಿಸದೆ ಎಬ್ಬಿಸಿದರೆ ಏಳುತ್ತಾರಲ್ಲ, ಹಾಗೆ.

ಮನೆಯಲ್ಲಿ ಜಯತೀರ್ಥ ಬಾಗಿಲಲ್ಲೇ ನಿಂತಿದ್ದ. "ಏನಂತಿ ಅವ್ವಾ? ಹೂಂ ಅಂತೀಯೋ, ಬ್ಯಾಡ ಅಂತೀಯೋ?"

ಪದ್ಮಾಬಾಯಿ ಕಾಲು ತೊಳೆದರು, ದೇವರ ಮುಂದೆ ದೀಪ ಸರಿಮಾಡಿದರು. ಶ್ರೀರಮಾ ಕಂಬ ಹಿಡಿದು ನಿಂತಿದ್ದಳು.

"ನನಗ ಏನೂ ತಿಳೀಲಿಲ್ಲೋ ಜಯಾ. ತಿಳೀಲಾರದ್ದನ್ನ ಛಲೋ ಅಂತ ಹ್ಯಾಂಗನ್ಲಿ? ಕೆಟ್ಟದ್ದು ಅಂತರೆ ಹ್ಯಾಂಗನ್ಲಿ? ಮಗಳು ನಿನ್ನಾಕಿ. ನಾಳೆ ನೀ ಹೋಗಿ ನೋಡು."

"ಪೂಜಿ ಮಾಡಸಾಂವ ನಾನು, ಅಲ್ಲಿ..."

"ವಿಧವಾ ಮುದುಕ್ಯಾರು ನಾವು ಹೋಗಿ ಬಂದೇವಿ. ನಿನಗೇನು ಧಾಡಿ?"

ಮರುದಿನ ಸಂಜೆ ಜಯತೀರ್ಥ ಯಾರಿಗೂ ಹೇಳದೆ ಹೋದ. ಬಂದಾಗ ನಾನು ಅವರ ಮನೆಯಲ್ಲೇ ಬತ್ತಿ ಹೊಸೆಯುತ್ತಿದ್ದೆ. ಅವನ ಮುಖವೂ ಏನೂ ತಿಳಿಯದ ನಮ್ಮ ಮುಖದಂತೆಯೇ ಆಗಿತ್ತು. ಮಣೆಯ ಮೇಲೆ ಕೂತು ಶ್ರೀರಮಾಳನ್ನು ಕರೆದ. ಇನ್ನು ಬೈಗುಳ ಎಂದುಕೊಂಡೆ.

"ಆ ನೀಲಿ ಲಂಗದಾಕಿ," ಎಂದ, "ಆಕಿ ಯಾಕ ಸತ್ತಳು?"

ಶ್ರೀರಮಾ ಅಪ್ಪನ ಎದುರಿಗೇ ನೆಲದ ಮೇಲೆ ಕೂತಳು. ಕೈಯಲ್ಲಿ ಹಿಮ ಮಾಡಿ, ಗಾಳಿ ಮಾಡಿ, ಮೊದಲಿನಿಂದ ಹೇಳತೊಡಗಿದಳು. ಅವನು ನಡುನಡುವೆ "ಆಮ್ಯಾಲ?" ಅನ್ನುತ್ತಿದ್ದ. ಆಷಾಢದಲ್ಲಿ ಅವಳನ್ನು ದಿಲ್ಲಿಯ ರೈಲು ಹತ್ತಿಸಲು ಅವನೇ ಹೋದ.

ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡರೂ ಆ ಕಥೆ ಇವತ್ತಿಗೂ ನನಗೆ ತಿಳಿದಿಲ್ಲ.