ಬುತ್ತಿಯಲ್ಲಿ ಬಂದ ಡ್ರೈವ್

ಕರೆಂಟಿಗೆ ಹಾಕಿದ ತುಸು ಹೊತ್ತಿಗೆ ಹಳೆಯ ಅಡಾಪ್ಟರಿನ ಕಪ್ಪು ಡಬ್ಬಿ ಬಿಸಿಯಾಗಿ ಒಂದು ವಾಸನೆ ಬಿಡುತ್ತದೆ. ಸುಟ್ಟ ವಾಸನೆಯಲ್ಲ, ಸುಡಲು ಇನ್ನೂ ಮನಸ್ಸು ಮಾಡದ ಪ್ಲಾಸ್ಟಿಕ್ಕಿನದು. ಮೊನ್ನೆ ಹೊಸದೊಂದು ಡಾಕ್ ಕೊಂಡಿದ್ದೆ. ಹಾರ್ಡ್ ಡ್ರೈವನ್ನು ಅದರ ಸೀಳಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಸಾಕು, ಕಂಪ್ಯೂಟರಿಗೆ ಕಾಣಿಸುತ್ತದೆ. ಕಪಾಟಿನ ಮೂಲೆಯಲ್ಲಿದ್ದ ಹಳೆಯ ಡ್ರೈವ್ ಮಾತ್ರ ಅದರಲ್ಲಿ ಕೂಡಲಿಲ್ಲ. ಅದರ ಬಾಯ್ತುಂಬ ಸೂಜಿಯಂಥ ಹಲ್ಲುಗಳು. ಆ ಹಲ್ಲುಗಳಿಗೆ ಒಪ್ಪುವ ಅಗಲ ಬಾಯಿಯ ಅಡಾಪ್ಟರನ್ನೇ ಹುಡುಕಿ ತೆಗೆಯಬೇಕಾಯಿತು. ವಾಸನೆ ಬಂತು. ಅದರ ಹಿಂದೆಯೇ ಶೇಂಗಾ ಚಟ್ನಿಯ ವಾಸನೆಯೂ ಬಂತೆಂದು ಬರೆಯಹೊರಟಿದ್ದೆ; ಬರಲಿಲ್ಲ. ಇಂಥ ಕಡೆ ನೆನಪು ಚೆಂದ ಕಾಣಲೆಂದು ಸುಳ್ಳು ಹೇಳುತ್ತದೆ. ಜೊತೆಗೆ ಬರುವುದಾದರೆ ನೀವೂ ಸ್ವಲ್ಪ ಎಚ್ಚರವಾಗಿರಿ.

ಚಟ್ನಿಯ ಮಾತು ಏಕೆ ಬಂತೆಂದರೆ, ಆ ಡ್ರೈವ್ ನನ್ನ ಬಳಿ ಬರುತ್ತಿದ್ದದ್ದು ಬುತ್ತಿಯಲ್ಲಿ. ಎರಡು ಸಾವಿರದ ನಂತರದ ವರ್ಷಗಳು. ನಾನು ಗೋಕಾಕದಲ್ಲಿ ಖೋಲಿ ಮಾಡಿಕೊಂಡು ಓದುತ್ತಿದ್ದೆ. ಕುಲಗೋಡದ ಕಾಕಾನ ಮನೆಯಿಂದ ಬೆಳಗಿನ ಬಸ್ಸಿಗೆ ಬುತ್ತಿ ಬರುತ್ತಿತ್ತು. ಓದುವ ಹುಡುಗರ ಬುತ್ತಿಗಳೆಲ್ಲ ಹೀಗೆಯೇ ಡ್ರೈವರನ ಬಾಜೂ ಸಾಲಾಗಿ ಕೂತು ಬರುತ್ತಿದ್ದವು. ಖಾಲಿ ಡಬ್ಬಿಗಳು ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದವು. ಕಾಕಾನ ಮಗಳು ಪದ್ಮಕ್ಕ ಮೂಡಲಗಿಯಲ್ಲಿ ಕಂಪ್ಯೂಟರ್ ಕ್ಲಾಸು ಮುಗಿಸಿದವಳು. ಅವಳ ಹಟಕ್ಕೆ ಮನೆಗೆ ಕಂಪ್ಯೂಟರ್ ಬಂದಿತ್ತು. ನನ್ನ ಖೋಲಿಯಲ್ಲೂ ಒಂದು ಹಳೆಯದಿತ್ತು. ಇಂಟರ್ನೆಟ್ ಎರಡೂ ಕಡೆ ಇಲ್ಲ, ಫ್ಲಾಪಿಗಳು ಧೂಳಿಗೆ ಕೈಕೊಡುತ್ತಿದ್ದವು. ಆದ್ದರಿಂದ ಪದ್ಮಕ್ಕ ಕಂಪ್ಯೂಟರಿನ ಹೊಟ್ಟೆಯೊಳಗಿನ ಡ್ರೈವನ್ನೇ ಬಿಚ್ಚಿ ರೊಟ್ಟಿಯ ಜೊತೆ ಕಳಿಸುತ್ತಿದ್ದಳು.

“ಏನೋ ತಮ್ಮಾ, ಇವತ್ತ ಬುತ್ತಿ ಭಾಳ ಜಡ ಐತಿ. ನಿಮ್ಮ ಕಾಕು ಕಲ್ಲ ಬೇಯಿಸಿ ಕೊಟ್ಟಾಳೇನು?” ಎಂದು ಕಂಡಕ್ಟರ್ ಡಬ್ಬಿಯನ್ನು ತೂಗಿ ಕೊಡುತ್ತಿದ್ದ.

ಬುತ್ತಿ ಕಟ್ಟುವವಳು ಪದ್ಮಕ್ಕನ ತಾಯಿ, ನನ್ನ ಕಾಕು. ಒಮ್ಮೆ ಡ್ರೈವ್ ತೊಯ್ದು ಬಂತು. ರೊಟ್ಟಿ ಬಿರುಸಾಗಬಾರದೆಂದು ಕಾಕು ಹಸಿ ಅರಿವೆ ಸುತ್ತುತ್ತಿದ್ದಳು. ಅದೇ ಅರಿವೆಯ ಇನ್ನೊಂದು ಸುತ್ತಿನೊಳಗೆ ಡ್ರೈವನ್ನೂ ಮಲಗಿಸಿದ್ದಳು. ನಾನು ಅಂಗಿಯಿಂದ ಒರೆಸಿ, ಬಿಸಿಲಿಗಿಟ್ಟು, ಹಲ್ಲುಗಳ ನಡುವಿನ ಚಟ್ನಿಪುಡಿಯನ್ನು ಊದಿ ತೆಗೆದೆ. ಮುಂದೆ ಊರಿಗೆ ಹೋದಾಗ ಕೇಳಿದರೆ, “ನನಗೇನ ಗೊತ್ತಪಾ, ನಿಮ್ಮಕ್ಕ ಜ್ವಾಪಾನ ಕಳಸು ಅಂದ್ಲು, ಕಳಿಸೇನಿ. ಒಣಗಿ ಬಂದಿದ್ರ ಮತ್ತ ಅದಕ್ಕೂ ಅಂತಿದ್ದಿ” ಎಂದಳು. ಇನ್ನೊಮ್ಮೆ ಅವಳೇ ಗೋಕಾಕಕ್ಕೆ ಬಂದಿದ್ದಾಗ, ಅಡಾಪ್ಟರಿಗೆ ಸಿಕ್ಕಿಸಿದ ಡ್ರೈವ್ ಮೇಜಿನ ಮೇಲೆ ಗುಂಯ್‌ಗುಡುವುದನ್ನು ಕಂಡು ಹಿಂದೆ ಸರಿದಳು.

“ಇದರಾಗ ಜೀವ ಐತೇನೋ?”

“ಇಲ್ಲ ಕಾಕು, ಒಳಗ ಸಣ್ಣ ತಾಟಿನಂಥದ್ದು ತಿರಗತೈತಿ.”

“ನೋಡು ಮತ್ತ. ನೀರ ಸೋಸಿ ಕುಡಿಯೂ ಜೈನ ಮಂದಿ ನಾವು. ಜೀವ ಇದ್ದದ್ದನ್ನ ಡಬ್ಬಿಯಾಗ ಮುಚ್ಚಿ ಕಳಿಸಿದ ಪಾಪ ನನಗ ಬ್ಯಾಡ.”

ಡ್ರೈವಿನಲ್ಲಿ ಬರುತ್ತಿದ್ದದ್ದು ಚಿತ್ರಗಳು. ಮೌಸು ಹಿಡಿದು ಬಿಡಿಸಿದ ಡೊಂಕು ಚಿತ್ರಗಳು. ಬಸ್ಸಿನ ತಲೆಯ ಮೇಲೆ ಕೂತು ಛತ್ರಿ ಹಿಡಿದ ಎಮ್ಮೆ. ಕಬ್ಬಿನ ಗಾಡಿ ಎಳೆಯುವ ಕಾಕಾ, ಗಾಡಿಯಲ್ಲಿ ಕೂತ ಎತ್ತುಗಳು. ನಾನು ನೋಡಿ, ನಗುತ್ತ, ಅದಕ್ಕೆ ಏನಾದರೂ ಸೇರಿಸಿ, ಹೊತ್ತು ಮುಳುಗುವ ಮೊದಲೇ ಉಂಡು, ತೊಳೆದ ಡಬ್ಬಿಯಲ್ಲಿ ಡ್ರೈವ್ ಇಟ್ಟು ನಿಲ್ದಾಣಕ್ಕೆ ಓಡುತ್ತಿದ್ದೆ. ಒಮ್ಮೊಮ್ಮೆ ಕರೆಂಟು ಹೋಗಿ ಎಮ್ಮೆ ಅರ್ಧಕ್ಕೇ ನಿಲ್ಲುತ್ತಿತ್ತು. ಎಷ್ಟು ಕಾಲ ನಡೆಯಿತು ಇದು? ಎರಡು ವರ್ಷ ಎನ್ನಬೇಕೆನಿಸುತ್ತದೆ. ಒಂದೇ ಮಳೆಗಾಲವೂ ಇರಬಹುದು.

ಪದ್ಮಕ್ಕನನ್ನು ಹುಕ್ಕೇರಿ ಕಡೆಯ ಹತ್ತರಗಿಗೆ ಕೊಟ್ಟರು. ಹೆದ್ದಾರಿಯ ಬಾಜೂ ಅವರ ಅಂಗಡಿ. ಮದುವೆಗೆ ಮೊದಲು ಕೊನೆಯ ಸಲ ಬಂದ ಡ್ರೈವನ್ನು ಹಿಂದಿರುಗಿಸಲು ಹೋದರೆ, “ನಿನ್ನ ಕಡೇನ ಇರ್ಲಿ ತಮ್ಮಾ. ಅಲ್ಲಿ ಅದನ್ನ ಹಚ್ಚಾಕ ಏನೂ ಇಲ್ಲ” ಎಂದಳು. ಹೀಗೆ ಹೇಳುವಾಗ ಅವಳ ದನಿ ಹೇಗಿತ್ತೆಂದು ನಾನು ವರ್ಷಗಳಿಂದ ತಿದ್ದುತ್ತ ಬಂದಿದ್ದೇನೆ. ಈಗ ಅಸಲು ದನಿ ಉಳಿದಿಲ್ಲ. ಆಮೇಲೆ ಮದುವೆ ಮುಂಜಿಗಳಲ್ಲಿ ಸಿಕ್ಕಳು. “ಅರಾಮದೀ?” ಎನ್ನುವಷ್ಟರಲ್ಲಿ ಯಾರೋ ಅವಳನ್ನು ಕರೆಯುತ್ತಿದ್ದರು. ಆ ದಿನಗಳು ಅವಳಿಗೂ ಇದ್ದವೋ, ನನಗೆ ಮಾತ್ರ ಇದ್ದವೋ ಎಂದು ಕೇಳಬೇಕೆಂದುಕೊಳ್ಳುತ್ತಿದ್ದೆ. ಊಟದ ಪಂಕ್ತಿಯಲ್ಲಿ ಕೇಳುವ ಮಾತಲ್ಲ ಅದು.

ಮೊನ್ನೆ ಡ್ರೈವ್ ತಿರುಗಿತು. ಕೆಮ್ಮಿ, ನಿಂತು, ಮತ್ತೆ ತಿರುಗಿತು. ಎಮ್ಮೆ ಛತ್ರಿಸಮೇತ ತೆರೆಯ ಮೇಲೆ ಬಂತು. ನಾನು ಪದ್ಮಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ನಿನ್ನ ಎಮ್ಮಿ ಸಿಕ್ಕೈತಿ.”

“ಯಾವ ಎಮ್ಮಿ?”

“ಬಸ್ಸಿನ ಮ್ಯಾಲ ಕುಂತದ್ದು. ನೀ ಬಿಡಿಸಿದ್ದು.”

“ಹುಚ್ಚ ಅದೀಯೇನು? ನನಗೆಲ್ಲಿ ಚಿತ್ರ ಬಿಡಸಾಕ ಬರ್ತದ? ನೀನ ಬಿಡಿಸಿ ಹಾಕಿ ಕಳಸ್ತಿದ್ದಿ. ನಾ ಬಣ್ಣ ತುಂಬ್ತಿದ್ದೆ, ಅಷ್ಟ.”

ಇಷ್ಟು ವರ್ಷ ಕಂಡ ಕಂಡವರಿಗೆ, ನಮ್ಮಕ್ಕ ಎಂಥ ಚಿತ್ರಗಾರ್ತಿ ಎಂದು ಹೇಳಿಕೊಂಡು ಬಂದವನು ನಾನು. ಫೈಲುಗಳ ತಾರೀಕು ನೋಡಿದೆ. ಎಲ್ಲಕ್ಕೂ ಒಂದೇ ತಾರೀಕು. ನಮ್ಮ ಎರಡೂ ಕಂಪ್ಯೂಟರುಗಳ ಗಡಿಯಾರದ ಸೆಲ್ಲು ಸತ್ತಿತ್ತು. ಹಾಕಿದಾಗಲೆಲ್ಲ ಅವು ಅದೇ ಹಳೆಯ ದಿನಕ್ಕೆ ಹೋಗಿ ನಿಲ್ಲುತ್ತಿದ್ದವು. ಯಾರ ಕೈಯ ಎಮ್ಮೆಯೋ, ಸಾಕ್ಷಿಯಿಲ್ಲ.

“ಹಂಗಾರ ನಿನಗ ಏನೂ ನೆನಪಿಲ್ಲ” ಎಂದೆ. ದನಿ ಸಣ್ಣದಾಯಿತೇನೋ.

ಆ ಕಡೆ ಲಾರಿಯೊಂದು ಹಾದುಹೋಯಿತು.

“ಚಿತ್ರ ಖರೇನ ನೆನಪಿಲ್ಲ ತಮ್ಮಾ. ಡ್ರೈವ್ ಬುತ್ತಿಯಾಗ ಇಟ್ಟ ದಿನ ಕಂಪ್ಯೂಟರ್ ಮುಂದ ಹೋಗಿ ಕುಂದರ್ತಿದ್ದೆ. ಅದರಾಗ ಏನೂ ಬರ್ತಿದ್ದಿಲ್ಲ, ಬರೇ ಕರೇ ಪರದೆ. ಅವ್ವ ಬೈತಿದ್ಲು, ಏನ್ ನೋಡಾಕತ್ತೀಯ ಅಂತ. ಸಂಜಿ ಬಸ್ಸು ಬರೂತನಕ ಅಲ್ಲೇ. ಅದು ನೆನಪೈತಿ.”

ಗಿರಾಕಿ ಬಂದರೆಂದು ಫೋನ್ ಇಟ್ಟಳು.

ನಾನು ಎಮ್ಮೆಯನ್ನು ಮುಚ್ಚಿ, ಡ್ರೈವ್ ಬಿಚ್ಚಿ, ಕಂಪ್ಯೂಟರ್ ಆರಿಸಿದೆ. ಪರದೆ ಕಪ್ಪಾಯಿತು. ಆ ದಿನಗಳ ಅರ್ಧ ಇಂಥದೇ ಪರದೆಯ ಮುಂದೆ ನಡೆಯುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಕುರ್ಚಿಯನ್ನು ತುಸು ಮುಂದಕ್ಕೆಳೆದುಕೊಂಡು ಕುಳಿತೆ.